ಗುಡುಗನ್ನು ಕಾದವರು

ಚೈತ್ರ ಕಳೆದು ವೈಶಾಖ ಕಾಲಿಟ್ಟಿತೆಂದರೆ ನಮ್ಮ ಸೀಮೆಯಲ್ಲಿ ಮಧ್ಯಾಹ್ನದ ಮೇಲೆ ಎಲ್ಲರ ಕಣ್ಣೂ ಮುಗಿಲಿನ ಕಡೆಗೆ ಹೊರಳುತ್ತದೆ. ನಾರಾಯಣಪೇಟೆಯಲ್ಲಿ ಮಗ್ಗದ ಮುಂದೆ ಕುಳಿತವರು ಒಮ್ಮೆ ಹೊರಗೆ ಬಂದು ನೋಡಿಹೋಗುತ್ತಾರೆ. ಮಕ್ತಲದ ಸಂತೆಯಲ್ಲಿ ಕಾಳಿನ ಚೀಲ ಬಿಚ್ಚಿದವರು ಅದನ್ನು ಮತ್ತೆ ಕಟ್ಟುವ ಹೊತ್ತನ್ನು ಲೆಕ್ಕ ಹಾಕುತ್ತಾರೆ. ಗದ್ವಾಲದ ಕಡೆ ಹೊಳೆಯ ದಂಡೆಯಲ್ಲಿ ಕುರಿ ಬಿಟ್ಟವರು ಹಿಂಡನ್ನು ಒಂದೆಡೆ ಕೂಡಿಸುತ್ತಾರೆ. ಬೆಳಿಗ್ಗೆ ನಿರ್ಮಲವಾಗಿದ್ದ ಆಕಾಶದಲ್ಲಿ ಮೂರು ಗಂಟೆಯ ಹೊತ್ತಿಗೆ ಹತ್ತಿಯ ರಾಶಿಯಂತೆ ಒಂದು ಮೋಡ ಏಳುತ್ತದೆ. ನಾಲ್ಕಕ್ಕೆ ಅದರ ತಲೆ ಚಪ್ಪಟೆಯಾಗುತ್ತದೆ. ಅನಂತರ ಧೂಳಿನ ಗಾಳಿ, ಸಿಡಿಲು, ಆಲಿಕಲ್ಲು, ಮಳೆ. ಏಳೂವರೆಗೆ ಮತ್ತೆ ನಕ್ಷತ್ರಗಳು. ಈ ಕೆಲವು ಗಂಟೆಗಳ ಆಟವನ್ನು ನಾವೆಲ್ಲರೂ ಹುಟ್ಟಿದಂದಿನಿಂದ ನೋಡಿದ್ದೇವೆ. ಆದರೆ ಅದು ಬರುವುದಕ್ಕೆ ಮೊದಲೇ, ಅದಕ್ಕಾಗಿಯೇ ಉಪಕರಣಗಳನ್ನು ಹೂಡಿಕೊಂಡು ಕಾದು ಕುಳಿತವರು ಯಾರು, ಅವರು ಏನನ್ನು ಕಂಡರು, ಕಂಡದ್ದರಿಂದ ನಮಗೇನು ದೊರೆಯಿತು ಎಂದು ಕೇಳಿಕೊಂಡದ್ದು ಕಡಮೆ.

ಹೀಗೆ ಕಾದವರ ಒಂದು ತಂಡ 2011ರ ಮುಂಗಾರಿನಲ್ಲಿ ನಮ್ಮ ಮಗ್ಗುಲಿಗೇ ಬಂದು ಬಿಡಾರ ಹೂಡಿತ್ತು. ಪುಣೆಯ ಭಾರತೀಯ ಉಷ್ಣವಲಯ ಹವಾಶಾಸ್ತ್ರ ಸಂಸ್ಥೆಯವರು ಮಹಬೂಬ್‌ನಗರದಲ್ಲಿ ನೆಲದ ಮೇಲಿನ ಒಂದು ವಿಸ್ತಾರವಾದ ವೀಕ್ಷಣಾ ಶಿಬಿರವನ್ನು ನಡೆಸಿದರು. ಆಗ ನಾರಾಯಣಪೇಟೆ, ಮಕ್ತಲ, ಗದ್ವಾಲ ಮೂರೂ ಮಹಬೂಬ್‌ನಗರ ಜಿಲ್ಲೆಗೇ ಸೇರಿದ್ದವು. ಗದ್ವಾಲ 2016ರಲ್ಲಿಯೂ ನಾರಾಯಣಪೇಟೆ 2019ರಲ್ಲಿಯೂ ಬೇರೆ ಜಿಲ್ಲೆಗಳಾದವು. ಭೂಪಟದಲ್ಲಿ ನೋಡಿದರೆ ಮಹಬೂಬ್‌ನಗರವೂ ನಾರಾಯಣಪೇಟೆಯೂ ಹೆಚ್ಚು ಕಡಮೆ ಒಂದೇ ಅಕ್ಷಾಂಶದ ಮೇಲಿವೆ. ನಡುವೆ ನೇರವಾಗಿ ಅಳೆದರೆ ಸುಮಾರು 50 ಕಿಲೋಮೀಟರು. ಆದುದರಿಂದ ಅಲ್ಲಿ ಅಳೆದ ಮುಗಿಲು ನಮ್ಮ ಮುಗಿಲೇ. ಆದರೂ ಈ ಕೆಲಸದ ಸುದ್ದಿ ನಮ್ಮ ಊರುಗಳಲ್ಲಿ ಹೆಚ್ಚು ಮಂದಿಗೆ ತಿಳಿಯಲಿಲ್ಲ. ಅದರ ಹಿನ್ನೆಲೆಯನ್ನೂ, ಅಂಥ ಪ್ರಯತ್ನಗಳ ಇತಿಹಾಸವನ್ನೂ ನಮ್ಮ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ನೆಲದ ಸ್ವಭಾವವನ್ನು ನೆನೆಯಬೇಕು. ಅರಬ್ಬೀ ಸಮುದ್ರದಿಂದ ಬರುವ ಮುಂಗಾರಿನ ಗಾಳಿ ಸಹ್ಯಾದ್ರಿಯನ್ನು ಹತ್ತುವಾಗಲೇ ತನ್ನ ನೀರಿನ ಬಹುಭಾಗವನ್ನು ಸುರಿದುಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆಯಾದರೆ, ಘಟ್ಟವನ್ನಿಳಿದು ರಾಯಚೂರನ್ನು ದಾಟಿ ನಮ್ಮಲ್ಲಿಗೆ ಬರುವ ಹೊತ್ತಿಗೆ ಉಳಿಯುವುದು ಸುಮಾರು 600 ಮಿಲಿಮೀಟರು. ಶಾಸ್ತ್ರಜ್ಞರು ಇದನ್ನು ಮಳೆಯ ನೆರಳಿನ ಪ್ರದೇಶವೆನ್ನುತ್ತಾರೆ. ಇಂಥ ನೆಲಕ್ಕೆ ಗುಡುಗುಮಳೆಯೆಂದರೆ ಒಂದೇ ಕಾಲಕ್ಕೆ ವರವೂ ಹೌದು, ಭಯವೂ ಹೌದು. ಮುಂಗಾರಿಗೆ ಮುಂಚಿನ ಅಡ್ಡಮಳೆ ಎರೆಹೊಲವನ್ನು ಹದಕ್ಕೆ ತರುತ್ತದೆ. ಮುಂಗಾರು ಹಿಂದೆಗೆಯುವಾಗಿನ ಗುಡುಗುಮಳೆ ಕೆರೆಗೆ ನೀರು ತರುತ್ತದೆ. ಅದೇ ಮಳೆ ಹೊಲದಲ್ಲಿ ನಿಂತ ಆಳನ್ನೂ, ಬೇವಿನ ಮರದಡಿ ಕಟ್ಟಿದ ಎತ್ತನ್ನೂ ಸಿಡಿಲಿಗೆ ಕೊಡುತ್ತದೆ.

ಬೇಸಗೆಯಲ್ಲಿ ಈ ಮೋಡಗಳು ಹುಟ್ಟುವುದಕ್ಕೆ ಒಂದು ವಿಶೇಷ ಕಾರಣವುಂಟು. ವಾಯವ್ಯದಿಂದ ಬೀಸುವ ಒಣಗಾಳಿಯೂ ಬಂಗಾಳ ಕೊಲ್ಲಿಯ ಕಡೆಯಿಂದ ಬರುವ ತೇವದ ಗಾಳಿಯೂ ದಖ್ಖನಿನ ಮೇಲೆ ಒಂದನ್ನೊಂದು ಸಂಧಿಸುತ್ತವೆ. ವಿದರ್ಭದಿಂದ ತೆಲಂಗಾಣ ಮತ್ತು ಕರ್ನಾಟಕದ ಒಳನಾಡುಗಳ ಮೂಲಕ ತಮಿಳುನಾಡಿನವರೆಗೆ, ಉತ್ತರ ದಕ್ಷಿಣವಾಗಿ, ಈ ಸಂಧಿಯ ಒಂದು ಗೆರೆ ಮೂಡುತ್ತದೆ. ಅದು ಒಂದು ದಿನ ಪೂರ್ವಕ್ಕೆ ಸರಿದೀತು, ಮತ್ತೊಂದು ದಿನ ಪಶ್ಚಿಮಕ್ಕೆ. ಗೆರೆ ಎಲ್ಲಿದೆಯೋ ಅದರ ಆಸುಪಾಸಿನಲ್ಲಿ ಗುಡುಗು. ನಮ್ಮ ಮೂರು ಊರುಗಳು ಈ ಗೆರೆಯ ಹಾದಿಯಲ್ಲಿವೆ.

ನಮ್ಮ ಹಿರಿಯರು ಮುಗಿಲನ್ನು ನೋಡದೆ ಬದುಕಿದವರಲ್ಲ. ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳಿಗೆ ಒಂದೊಂದು ಮಳೆಯ ಹೆಸರಿಟ್ಟು, ರೋಹಿಣಿಗೆ ಇಂಥ ಕೆಲಸ, ಜೂನ್ 7 ಅಥವಾ 8ರಂದು ಕೂಡುವ ಮಿರಗಕ್ಕೆ ಇಂಥ ಬಿತ್ತನೆ ಎಂದು ಒಕ್ಕಲುತನವನ್ನೆಲ್ಲ ಆ ಪಂಚಾಂಗಕ್ಕೆ ಹೊಂದಿಸಿದರು. ಇರುವೆ ಮೊಟ್ಟೆಯನ್ನು ಹೊತ್ತು ಸಾಗುವುದು, ಗಾಳಿ ಫಕ್ಕನೆ ನಿಂತುಬಿಡುವುದು, ಚಂದ್ರನ ಸುತ್ತ ಕಣ ಕಟ್ಟುವುದು, ಇವನ್ನೆಲ್ಲ ಗುರುತಿಟ್ಟುಕೊಂಡರು. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ. ಇದರಲ್ಲಿ ತಲೆಮಾರುಗಳ ಕಣ್ಣಿದೆ. ಆದರೆ ಈ ಜ್ಞಾನಕ್ಕೆ ಒಂದು ಕೊರತೆಯಿತ್ತು. ಫಲಿಸಿದ ಮಳೆಯನ್ನು ಅದು ನೆನಪಿಟ್ಟುಕೊಂಡಿತು, ಫಲಿಸದ ಮಳೆಯನ್ನು ಮರೆಯಿತು. ಚಂದ್ರನಿಗೆ ಕಣ ಕಟ್ಟಿಯೂ ಮಳೆ ಬಾರದ ರಾತ್ರಿಗಳೆಷ್ಟು ಎಂದು ಯಾರೂ ಗೋಡೆಯ ಮೇಲೆ ಗೀರು ಹಾಕಲಿಲ್ಲ. ಗೀರು ಹಾಕದಿದ್ದರೆ ಆ ಗುರುತನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬುದು ತಿಳಿಯುವುದಿಲ್ಲ.

ಗೀರು ಹಾಕುವ ಕೆಲಸ ಮಳೆಮಾಪಕದೊಂದಿಗೆ ಬಂತು. ಭಾರತದ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪಿತವಾಯಿತು. ನಮ್ಮ ಹಳೆಯ ಹೈದರಾಬಾದ್ ಸಂಸ್ಥಾನದಲ್ಲಿ 1901ರಲ್ಲಿ ನಿಜಾಮಿಯಾ ವೀಕ್ಷಣಾಲಯ ಆರಂಭವಾಯಿತು. ತಾಲ್ಲೂಕಿನ ಕಚೇರಿಯ ಅಂಗಳದಲ್ಲಿ ನೆಟ್ಟ ಮಳೆಮಾಪಕವನ್ನು ದಿನವೂ ಬೆಳಿಗ್ಗೆ ನೋಡಿ ದಫ್ತರಿನಲ್ಲಿ ಬರೆಯುವುದು ಪದ್ಧತಿಯಾಯಿತು. ಇದು ದೊಡ್ಡ ಹೆಜ್ಜೆಯೆಂಬುದರಲ್ಲಿ ಸಂದೇಹವಿಲ್ಲ. ಆದರೂ ಬೆಳಿಗ್ಗೆ 8-30ಕ್ಕೆ 40 ಮಿಲಿಮೀಟರೆಂದು ಬರೆದ ಅಂಕೆ ನಿನ್ನೆಯ ಮಳೆಯನ್ನು ಹೇಳುತ್ತದೆಯೇ ಹೊರತು, ಆ ಮಳೆ ರಾತ್ರಿಯೆಲ್ಲ ಜಿನುಗಿ ಬಂತೋ ಅರ್ಧ ಗಂಟೆಯಲ್ಲಿ ಸಿಡಿಲಿನೊಡನೆ ಸುರಿಯಿತೋ ಎಂಬುದನ್ನು ಹೇಳುವುದಿಲ್ಲ. ದಫ್ತರಿನ ಹಣೆಬರಹವೂ ಸ್ಥಿರವಾಗಿರಲಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆ ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಮಾತ್ರ ಆಂಧ್ರಪ್ರದೇಶಕ್ಕೆ ಸೇರಿದವು. ಗದ್ವಾಲದ ಮೇಲೆ ಎದ್ದ ಮೋಡ ಅಕ್ಟೋಬರಿನಲ್ಲಿ ರಾಯಚೂರು ಜಿಲ್ಲೆಯದು, ನವೆಂಬರಿನಲ್ಲಿ ಇನ್ನೊಂದು ರಾಜ್ಯದ್ದು! ಮೋಡಕ್ಕೆ ಇದರ ಗೊಡವೆಯಿರಲಿಲ್ಲ. ಆದರೆ ಮೋಡದ ಸುದ್ದಿಯನ್ನು ಹೇಳಬೇಕಾದ ಕಚೇರಿಗಳಿಗೆ ಇತ್ತು. ಈ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

ಗುಡುಗಿನ ಮೋಡದ ಒಳಗೆ ಏನಿದೆ ಎಂಬುದನ್ನು ಮನುಷ್ಯನು ಕ್ರಮವಾಗಿ ತಿಳಿದದ್ದು ಎರಡನೆಯ ಮಹಾಯುದ್ಧದ ಅನಂತರ. ಗುಡುಗಿನ ಮೋಡಗಳನ್ನು ಹೊಕ್ಕ ವಿಮಾನಗಳು ಅಪಾಯಕ್ಕೀಡಾಗುತ್ತಿದ್ದುದರಿಂದ ಅಮೆರಿಕಾ ದೇಶದ ಸರ್ಕಾರ ಒಂದು ಯೋಜನೆಯನ್ನು ಕೈಕೊಂಡಿತು. 1946ರಲ್ಲಿ ಫ್ಲಾರಿಡಾದಲ್ಲಿಯೂ 1947ರಲ್ಲಿ ಓಹಾಯೋದಲ್ಲಿಯೂ ಅದು ನಡೆಯಿತು. ಷಿಕಾಗೋ ವಿಶ್ವವಿದ್ಯಾನಿಲಯದ ಹೊರೇಸ್ ಬಯರ್ಸ್ ಅದರ ಮುಖ್ಯಸ್ಥರು. ರಾಸ್ಕೋ ಬ್ರಹಾಂ ಅವರ ಸಹಾಯಕರು. ಯುದ್ಧಕ್ಕೆಂದು ಕಟ್ಟಿದ ವಿಮಾನಗಳನ್ನು 5,000 ಅಡಿಯಿಂದ 25,000 ಅಡಿಯವರೆಗೆ ಐದು ಎತ್ತರಗಳಲ್ಲಿ, ಒಂದೇ ಮೋಡದೊಳಕ್ಕೆ, ಒಂದೇ ಹೊತ್ತಿಗೆ ನುಗ್ಗಿಸಿದರು. ಕೆಳಗೆ ನೆಲದ ಮೇಲೆ ಸಾಲುಸಾಲಾಗಿ ಮಾಪಕಗಳನ್ನಿಟ್ಟು, ರೇಡಾರಿನಿಂದ ಮೋಡವನ್ನು ಹಿಂಬಾಲಿಸಿದರು. ಸಾವಿರಕ್ಕೂ ಮಿಕ್ಕಿ ಸಲ ಮೋಡವನ್ನು ಹೊಕ್ಕು ಹೊರಬಂದರೂ ಒಂದು ವಿಮಾನವೂ ನಾಶವಾಗಲಿಲ್ಲವೆಂಬುದು ಆ ಕಾಲಕ್ಕೆ ಅಚ್ಚರಿಯ ಮಾತು.

1949ರಲ್ಲಿ ಅಚ್ಚಾದ ಅವರ ವರದಿ ಗುಡುಗಿನ ಮೋಡಕ್ಕೂ ಬಾಲ್ಯ, ಯೌವನ, ಮುಪ್ಪುಗಳಿವೆಯೆಂದು ತೋರಿಸಿಕೊಟ್ಟಿತು. ಬಾಲ್ಯದಲ್ಲಿ ಎಲ್ಲ ಗಾಳಿಯೂ ಮೇಲ್ಮುಖ. ಬಿಸಿಯಾದ ತೇವದ ಗಾಳಿ ಏರಿ, ತಣಿದು, ಹನಿಯಾಗುವಾಗ ಬಿಡುವ ಶಾಖದಿಂದ ಇನ್ನೂ ಹಗುರಾಗಿ ಇನ್ನೂ ಏರುತ್ತದೆ. ಯೌವನದಲ್ಲಿ ಏರುವ ಗಾಳಿಯ ಪಕ್ಕದಲ್ಲಿಯೇ ಇಳಿಯುವ ಗಾಳಿ ಹುಟ್ಟುತ್ತದೆ. ಭಾರವಾದ ಹನಿ ಮತ್ತು ಆಲಿಕಲ್ಲು ತಮ್ಮೊಡನೆ ತಣ್ಣನೆಯ ಗಾಳಿಯನ್ನೂ ಎಳೆದು ತರುತ್ತವೆ. ಮಳೆಗೆ ಮುಂಚೆ ನಮ್ಮ ಮುಖಕ್ಕೆ ಬಡಿಯುವ ಧೂಳುಗಾಳಿ ಇದೇ. ಸಿಡಿಲೂ ಈ ಅವಸ್ಥೆಯದೇ. ಮೋಡದ ಮೇಲ್ಭಾಗದಲ್ಲಿ ಹಿಮದ ಹರಳುಗಳೂ ಆಲಿಕಲ್ಲಿನ ಮರಿಗಳೂ ಒಂದಕ್ಕೊಂದು ಉಜ್ಜಿ, ವಿದ್ಯುತ್ತು ಎರಡು ಪಾಲಾಗಿ ಬೇರ್ಪಡುತ್ತದೆ. ಮುಪ್ಪಿನಲ್ಲಿ ಇಳಿಯುವ ಗಾಳಿಯೇ ಎಲ್ಲೆಡೆಯೂ ಹರಡಿ, ಕೆಳಗಿನ ಬಿಸಿಗಾಳಿಯ ದಾರಿಯನ್ನು ಕಟ್ಟಿ, ಮೋಡ ತನ್ನ ಮಳೆಯಿಂದಲೇ ತಾನು ಅಳಿಯುತ್ತದೆ. ಇಂಥ ಒಂದು ಘಟಕದ ಆಯುಸ್ಸು ಹೆಚ್ಚೆಂದರೆ ಒಂದು ಗಂಟೆ.

ಈ ಒಂದು ಗಂಟೆಯ ಮಾತು ಮುಂದಿನದಕ್ಕೆಲ್ಲ ಆಧಾರ. ಒಂದು ಗಂಟೆ ಮಾತ್ರ ಬದುಕುವ ಪ್ರಾಣಿಯನ್ನು ಹಿಂದಿನ ದಿನವೇ ಹೆಸರು ಹಿಡಿದು ಕರೆಯಲಾಗುವುದಿಲ್ಲ. ನಾಳೆ ಈ ಜಿಲ್ಲೆಯಲ್ಲಿ ಗುಡುಗಿಗೆ ಅನುಕೂಲವಾದ ಹವೆಯಿದೆ ಎಂದು ಹೇಳಬಹುದು. ನಾಳೆ ನಾಲ್ಕು ಗಂಟೆಗೆ ಮಕ್ತಲದ ಮೇಲೆ ಸಿಡಿಲು ಬೀಳುತ್ತದೆಂದು ಹೇಳಲಾಗದು. ಆದುದರಿಂದ ಗುಡುಗಿನ ಮುನ್ಸೂಚನೆ ಎರಡು ಭಾಗದ್ದು: ಹಿಂದಿನ ದಿನ ಅಥವಾ ಬೆಳಿಗ್ಗೆ ಹೇಳುವ ಸಂಭವ ಒಂದು, ಮೋಡ ಎದ್ದ ಮೇಲೆ, ಅದನ್ನು ಕಣ್ಣಿನಲ್ಲಿಟ್ಟುಕೊಂಡು, ಒಂದೆರಡು ಗಂಟೆ ಮುಂಚಿತವಾಗಿ ಹೇಳುವ ಎಚ್ಚರಿಕೆ ಇನ್ನೊಂದು.

ನಮ್ಮ ದೇಶದಲ್ಲಿ ನೆಲದ ಹತ್ತಿರದ ಗಾಳಿಯನ್ನು ದೊಡ್ಡ ಪ್ರಮಾಣದಲ್ಲಿ ಅಳೆದ ಯತ್ನಗಳಲ್ಲಿ 1990ರದು ಪ್ರಮುಖವಾದುದು. ಜೋಧಪುರ, ದೆಹಲಿ, ವಾರಾಣಸಿ, ಖರಗಪುರಗಳಲ್ಲಿ 30 ಮೀಟರ್ ಎತ್ತರದ ಗೋಪುರಗಳನ್ನು ನಿಲ್ಲಿಸಿ, ಮುಂಗಾರಿನ ತಗ್ಗುರೇಖೆಯ ಕೆಳಗೆ ಗಾಳಿಯೂ ಶಾಖವೂ ಹೇಗೆ ವರ್ತಿಸುತ್ತವೆಂದು ನೋಡಿದರು. ಈ ಕೆಲಸದ ಮುಂದಾಳುಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ರೊದ್ದಂ ನರಸಿಂಹ ಅವರು ಒಬ್ಬರು. ಅವರ ತಂದೆ ಆರ್. ಎಲ್. ನರಸಿಂಹಯ್ಯನವರು ಭೌತಶಾಸ್ತ್ರವನ್ನು ಬೋಧಿಸುತ್ತ, ವಿಜ್ಞಾನವನ್ನು ಕನ್ನಡದಲ್ಲಿ ಬರೆದವರು. ಮಗ ಗಾಳಿಯನ್ನು ಅಳೆದರು, ತಂದೆ ವಿಜ್ಞಾನವನ್ನು ಕನ್ನಡದಲ್ಲಿ ಹೇಳಿದರು. ಒಂದೇ ಮನೆಯಲ್ಲಿ ಎರಡು ಕೆಲಸವೂ ನಡೆದುದನ್ನು ನಾವು ಮನಸ್ಸಿನಲ್ಲಿಡಬೇಕು.

ತೀವ್ರವಾದ ಗುಡುಗುಮಳೆಯನ್ನೇ ಗುರಿಯಾಗಿಟ್ಟುಕೊಂಡ ಕಾರ್ಯಕ್ರಮ 2006ರಲ್ಲಿ ಪೂರ್ವ ಮತ್ತು ಈಶಾನ್ಯ ಭಾರತದಲ್ಲಿ ಕ್ಷೇತ್ರಕ್ಕಿಳಿಯಿತು. ಬಂಗಾಳದಲ್ಲಿ ವೈಶಾಖದ ಈ ಬಿರುಮಳೆಗೆ ಕಾಲವೈಶಾಖಿಯೆಂದು ಹೆಸರು. ಅಲ್ಲಿ ಅದು ನಮ್ಮಲ್ಲಿಗಿಂತ ಭೀಕರ. 2009ರಿಂದ ಬಾಂಗ್ಲಾದೇಶ, ನೇಪಾಳ, ಭೂತಾನಗಳೂ ಕೈಗೂಡಿಸಿದವು. ಪ್ರತಿವರ್ಷ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹೆಚ್ಚಿನ ಬಲೂನುಗಳನ್ನು ಹಾರಿಸಿ, ರೇಡಾರುಗಳ ಚಿತ್ರಗಳನ್ನು ಕೂಡಿಸಿ, ನಾಲ್ಕು ದೇಶದವರು ಒಂದೇ ಮೋಡವನ್ನು ನೋಡಿದರು. ಮುಂದೆ ಈ ಕಾರ್ಯಕ್ರಮದ ಹರಹಿನಲ್ಲಿ ದಕ್ಷಿಣ ಭಾರತವನ್ನೂ ಸೇರಿಸಿಕೊಂಡರು. ಮೋಡ ಗಡಿಯನ್ನರಿಯದೆಂಬ ಮಾತನ್ನು ಸರ್ಕಾರಗಳು ಒಪ್ಪಿಕೊಂಡುದಕ್ಕೆ ಇದೊಂದು ನಿದರ್ಶನ.

ಇನ್ನು ನಮ್ಮ ಸೀಮೆಗೆ ಬರೋಣ. ಪುಣೆಯ ಸಂಸ್ಥೆ 2009ರಲ್ಲಿ ಮೋಡ ಮತ್ತು ವಾಯುಮಂಡಲದ ಸೂಕ್ಷ್ಮಕಣಗಳ ಪರಸ್ಪರ ಸಂಬಂಧವನ್ನು ತಿಳಿಯುವ ದೊಡ್ಡ ಪ್ರಯೋಗವನ್ನು ಆರಂಭಿಸಿತು. ಉಪಕರಣಗಳನ್ನು ಹೊತ್ತ ವಿಮಾನ ಪಠಾಣಕೋಟ, ಬರೇಲಿ, ಗುವಾಹಟಿ, ಬೆಂಗಳೂರು, ಹೈದರಾಬಾದುಗಳನ್ನು ನೆಲೆಯಾಗಿಟ್ಟುಕೊಂಡು ಮೋಡಗಳ ಒಳಹೊಕ್ಕು ಅಳೆಯಿತು. ಆ ವರ್ಷದ ಮುಂಗಾರು ದೇಶದ ಒಟ್ಟು ಲೆಕ್ಕದಲ್ಲಿ ಶೇಕಡಾ 22ರಷ್ಟು ಕಡಮೆಯಾಗಿತ್ತು. ಮಳೆಯಿಲ್ಲವೆಂದು ಮುಗಿಲನ್ನೇ ನೋಡುತ್ತಿದ್ದವರ ಮೇಲೆ ಅಕ್ಟೋಬರಿನ ಮೊದಲ ದಿನಗಳಲ್ಲಿ ಕೃಷ್ಣೆ ಮತ್ತು ತುಂಗಭದ್ರೆಗಳು ಉಕ್ಕಿಬಂದುದನ್ನು ರಾಯಚೂರು, ಕರ್ನೂಲು ಮತ್ತು ನಮ್ಮ ನದೀತೀರದ ಗ್ರಾಮಗಳು ಇಂದಿಗೂ ಮರೆತಿಲ್ಲ. ಒಂದೇ ವರ್ಷದಲ್ಲಿ ಬರ ಮತ್ತು ನೆರೆ! ಮುಗಿಲನ್ನು ಅರಿಯುವ ಕೆಲಸ ಪಂಡಿತರ ವಿನೋದವಲ್ಲವೆಂದು ಹೇಳಲು ಬೇರೆ ಸಾಕ್ಷಿ ಬೇಡ.

ವಿಮಾನ ಮೋಡವನ್ನು ಕೆಲವು ನಿಮಿಷ ಮಾತ್ರ ನೋಡುತ್ತದೆ. ಒಂದೇ ಸ್ಥಳದಲ್ಲಿ ಹಗಲಿರುಳೂ ಕುಳಿತು ನೋಡುವವರು ಬೇಕು. 2011ರ ಮಹಬೂಬ್‌ನಗರದ ಶಿಬಿರ ಇದಕ್ಕಾಗಿ. ಅಲ್ಲಿ ಹೂಡಿದ ಉಪಕರಣಗಳಲ್ಲಿ ಕೆಲವನ್ನು ಹೇಳುತ್ತೇವೆ. ಬಲೂನಿಗೆ ಕಟ್ಟಿದ ಸಣ್ಣ ಪೆಟ್ಟಿಗೆ ಮೇಲೇರುತ್ತ ಪ್ರತಿ ಎತ್ತರದ ಶಾಖವನ್ನೂ ತೇವವನ್ನೂ ರೇಡಿಯೋ ಮೂಲಕ ಕೆಳಕ್ಕೆ ತಿಳಿಸುತ್ತದೆ. ಇನ್ನೊಂದು ಯಂತ್ರ ನೆಲದಲ್ಲಿಯೇ ಕುಳಿತು, ವಾಯುಮಂಡಲವು ತಾನಾಗಿ ಹೊರಸೂಸುವ ಸೂಕ್ಷ್ಮತರಂಗಗಳನ್ನು ಹಿಡಿದು, ಎರಡು ಬಲೂನುಗಳ ನಡುವಿನ ಹೊತ್ತಿನಲ್ಲಿಯೂ ತೇವದ ಏರಿಳಿತವನ್ನು ಹೇಳುತ್ತದೆ. ಮತ್ತೊಂದು ಲೇಸರ್ ಬೆಳಕನ್ನು ಮೇಲಕ್ಕೆ ಬಿಟ್ಟು, ಧೂಳಿನ ಕಣಗಳಿಂದ ಮರಳಿದ ಬೆಳಕಿನಿಂದ ಗಾಳಿಯ ವೇಗವನ್ನು ಎಣಿಸುತ್ತದೆ. ಹನಿಮಾಪಕವು ಮಳೆಯ ಒಂದೊಂದು ಹನಿಯ ಗಾತ್ರವನ್ನೂ ಬೇರೆಬೇರೆಯಾಗಿ ಬರೆಯುತ್ತದೆ. ಇವುಗಳೊಡನೆ ಗಾಳಿಯ ಧೂಳನ್ನೂ ಹೊಗೆಯನ್ನೂ ಎಣಿಸುವ ಯಂತ್ರಗಳು. ಗುಡುಗೊಂದೇ ಈ ಶಿಬಿರದ ಗುರಿಯಾಗಿರಲಿಲ್ಲ, ನಿಜ. ಆದರೆ ಮಳೆಯ ನೆರಳಿನ ಮೋಡಗಳು ಹೇಗೆ ಹುಟ್ಟಿ ಹೇಗೆ ಬೆಳೆಯುತ್ತವೆಂದು ತಿಳಿಯದೆ ಗುಡುಗನ್ನು ತಿಳಿಯಲಾಗದು.

ಇಂಥ ಶಿಬಿರಗಳಲ್ಲಿ ಮುನ್ಸೂಚಕನ ದಿನಚರಿ ಹೇಗಿರುತ್ತದೆಂದು ವಾಚಕರು ಕೇಳಬಹುದು. ದೇಶದ ಬಲೂನು ನೆಲೆಗಳಲ್ಲಿ ಬೆಳಿಗ್ಗೆ 5-30ರ ಹೊತ್ತಿನ ಬಲೂನು ಕೊಟ್ಟ ಅಂಕೆಗಳನ್ನು ಅವನು ಮೊದಲು ನಕ್ಷೆಯ ಮೇಲೆ ಎಳೆಯುತ್ತಾನೆ. ಕೆಳಗಿನ ಗಾಳಿ ಮೇಲೇರಿದರೆ ತನ್ನ ಸುತ್ತಣ ಗಾಳಿಗಿಂತ ಬಿಸಿಯಾಗಿ ಉಳಿದೀತೇ ಎಂಬುದು ಅವನ ಮೊದಲ ಪ್ರಶ್ನೆ. ಉಳಿಯುವುದಾದರೆ ಒಲೆಯಲ್ಲಿ ಸೌದೆಯಿದೆಯೆಂದು ಅರ್ಥ. ಒಂದೆರಡು ಕಿಲೋಮೀಟರ್ ಎತ್ತರದಲ್ಲಿ ಬಿಸಿಯಾದ ಒಣಗಾಳಿಯ ಪದರವೊಂದು ಗಡಿಗೆಯ ಮುಚ್ಚಳದಂತೆ ಕೂತಿದೆಯೇ ಎಂಬುದು ಎರಡನೆಯದು. ಮುಚ್ಚಳ ಬಿಗಿಯಾಗಿದ್ದರೆ ದಿನವೆಲ್ಲ ಸೆಕೆ, ಮಳೆಯಿಲ್ಲ. ಸಡಿಲವಾಗಿದ್ದರೆ ಮಧ್ಯಾಹ್ನಕ್ಕೆ ಮುಂಚೆಯೇ ಸಣ್ಣ ಮೋಡಗಳೆದ್ದು ಬಲ ಕಳೆದುಕೊಳ್ಳುತ್ತವೆ. ಬಿಗಿಯಾಗಿದ್ದು ಮೂರು ಗಂಟೆಯ ಬಿಸಿಲಿಗೆ ಫಕ್ಕನೆ ಬಿಚ್ಚಿಕೊಂಡರೆ, ಅಂದು ಭಯಪಡಬೇಕು. ಇದನ್ನೆಲ್ಲ ಚರ್ಚಿಸಿ ಬೆಳಗಿನ ಸಭೆಯಲ್ಲಿ ಅಂದಿನ ಮುನ್ಸೂಚನೆಯನ್ನು ಬರೆದಿಡುತ್ತಾರೆ. ಬರೆದ ಮೇಲೆ ಅಳಿಸುವಂತಿಲ್ಲ.

ಸಂಜೆ ಲೆಕ್ಕ ನೋಡುತ್ತಾರೆ. ಲೆಕ್ಕಕ್ಕೆ ನಾಲ್ಕು ಮನೆ: ಗುಡುಗುವುದೆಂದರು, ಗುಡುಗಿತು, ಗುಡುಗುವುದೆಂದರು, ಗುಡುಗಲಿಲ್ಲ, ಗುಡುಗುವುದಿಲ್ಲವೆಂದರು, ಗುಡುಗಿತು, ಗುಡುಗುವುದಿಲ್ಲವೆಂದರು, ಗುಡುಗಲಿಲ್ಲ. ಋತು ಮುಗಿದಾಗ ಯಾವ ಮನೆಯಲ್ಲಿ ಎಷ್ಟು ಗೀರುಗಳಿವೆಯೆಂಬುದೇ ಮುನ್ಸೂಚಕನ ಯೋಗ್ಯತೆ. ತಪ್ಪಿದ ದಿನಗಳನ್ನು ಮುಚ್ಚಿಡುವವನು ಮುಂದಿನ ವರ್ಷ ಅದೇ ತಪ್ಪನ್ನು ಮಾಡುತ್ತಾನೆ. ನಮ್ಮ ಹಿರಿಯರ ಮಳೆಜ್ಞಾನಕ್ಕೂ ಈ ವಿದ್ಯೆಗೂ ಇರುವ ಅಂತರ ಯಂತ್ರಗಳದ್ದಲ್ಲ, ಎರಡನೆಯ ಮತ್ತು ಮೂರನೆಯ ಮನೆಗಳನ್ನು ನಾಚದೆ ತುಂಬಿದುದರದು ಎಂದು ನಮಗೆ ತೋರುತ್ತದೆ.

ಈ ಪ್ರಯೋಗದಿಂದ ತಿಳಿದುಬಂದುದರಲ್ಲಿ ಒಂದನ್ನು ಇಲ್ಲಿ ಹೇಳಬೇಕು. ಗಾಳಿಯಲ್ಲಿ ಧೂಳು ಮತ್ತು ಹೊಗೆಯ ಕಣಗಳು ಹೆಚ್ಚಿದ್ದಲ್ಲಿ ಇದ್ದ ನೀರೆಲ್ಲ ಅಸಂಖ್ಯ ಕಿರುಹನಿಗಳಾಗಿ ಹಂಚಿಹೋಗುತ್ತದೆ. ಕಿರುಹನಿಗಳು ಕೂಡಿ ದೊಡ್ಡ ಹನಿಯಾಗಲು ಹೊತ್ತು ಹಿಡಿಯುತ್ತದೆ. ಆದುದರಿಂದ ಮಳೆ ಆರಂಭವಾಗಬೇಕಾದರೆ ಮೋಡ ಇನ್ನೂ ಎತ್ತರಕ್ಕೆ ಬೆಳೆಯಬೇಕು. ಬೆಳೆಯಲು ಬಲವಿಲ್ಲದ ಮೋಡ ಮಳೆಯಿಲ್ಲದೆ ಕರಗುತ್ತದೆ. ಬಲವಿದ್ದ ಮೋಡ ಹಿಮದ ಎತ್ತರವನ್ನು ಮುಟ್ಟಿದರೆ, ಸಿಡಿಲಿಗೆ ಬೇಕಾದ ಹರಳುಗಳು ಅಲ್ಲಿ ಸಿದ್ಧವಾಗುತ್ತವೆ. ಮುಂದೆ 2018 ಮತ್ತು 2019ರಲ್ಲಿ ಇದೇ ಸಂಸ್ಥೆಯವರು ಮೋಡಬಿತ್ತನೆಯ ಪರೀಕ್ಷೆಯನ್ನು ಸೊಲ್ಲಾಪುರದಲ್ಲಿ ನಡೆಸಿದರು. ಅದೂ ಮಳೆಯ ನೆರಳಿನ ಊರೇ, ಕನ್ನಡದ ಮಾತು ಕೇಳುವ ಗಡಿಯ ಊರೇ. ತಕ್ಕ ಮೋಡವಿದ್ದಲ್ಲಿ ಬಿತ್ತನೆಯಿಂದ ಸ್ವಲ್ಪ ಹೆಚ್ಚು ಮಳೆ ಪಡೆಯಬಹುದು, ಇಲ್ಲದ ಮೋಡವನ್ನು ಹುಟ್ಟಿಸಲಾಗದು ಎಂಬುದೇ ಅದರ ಸಾರ.

ಹಾಗಾದರೆ ನೋಡುವವರ ಕೆಲಸ ಮುಗಿಯಿತೇ? ಇಲ್ಲ. ಹೈದರಾಬಾದಿನ ರೇಡಾರಿನಿಂದ ಮಕ್ತಲ ಮತ್ತು ಗದ್ವಾಲಗಳು 140ರಿಂದ 150 ಕಿಲೋಮೀಟರ್ ದೂರದಲ್ಲಿವೆ. ರೇಡಾರಿನ ಕಿರಣ ಸ್ವಲ್ಪ ಮೇಲ್ಮುಖವಾಗಿ ಹೊರಡುತ್ತದೆ. ಭೂಮಿಯಾದರೋ ಬಾಗುತ್ತ ಹೋಗುತ್ತದೆ. ಆದುದರಿಂದ ಕಿರಣ ನಮ್ಮಲ್ಲಿಗೆ ತಲುಪುವಾಗ ನೆಲದಿಂದ ಸುಮಾರು ಎರಡೂವರೆ ಕಿಲೋಮೀಟರ್ ಮೇಲಿರುತ್ತದೆ. ಅದರ ಕೆಳಗೆ ನಡೆಯುವುದು, ಉದಾಹರಣೆಗೆ ಧೂಳುಗಾಳಿಯ ಮುನ್ನುಗ್ಗು, ಅದಕ್ಕೆ ಕಾಣದು. ಸಿಡಿಲನ್ನು ಕಂಡುಹಿಡಿಯುವ ಬೇರೆ ಜಾಲವೊಂದನ್ನು ಪುಣೆಯ ಸಂಸ್ಥೆ ದೇಶದಲ್ಲೆಲ್ಲ ಹರಡಿದೆ. ಅದರ ಆಧಾರದಿಂದ ದಾಮಿನಿ ಎಂಬ ಮೊಬೈಲು ಸಾಧನ ಹತ್ತಿರದ ಸಿಡಿಲನ್ನು ಸೂಚಿಸುತ್ತದೆ. ಕರ್ನಾಟಕ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದವರು ಸಿಡಿಲು ಎಂಬ ಹೆಸರಿನಿಂದಲೇ ಇಂಥ ಇನ್ನೊಂದನ್ನು ರೂಪಿಸಿದರು. ಹೀಗೆ ನೋಡುವ ಕಣ್ಣು ವರ್ಷದಿಂದ ವರ್ಷಕ್ಕೆ ಹರಿತವಾಗುತ್ತಿದೆ.

ಆದರೂ ಸರ್ಕಾರದ ಅಂಕೆಗಳ ಪ್ರಕಾರ ಭಾರತದಲ್ಲಿ ಸಿಡಿಲಿನಿಂದ ಸತ್ತವರು 2021ರಲ್ಲಿ 2,880 ಮಂದಿ. 2022ರಲ್ಲಿ 2,887 ಮಂದಿ. ಸಾಯುವವರು ಯಾರು? ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳು, ಕುರಿಗಾಹಿಗಳು, ಮಳೆಗೆ ಮರದಡಿ ನಿಂತ ಕೂಲಿಯವರು. ಕಣ್ಣು ಹರಿತವಾದಷ್ಟು ಕಿವಿಗೆ ಸುದ್ದಿ ಮುಟ್ಟುತ್ತಿಲ್ಲವೆಂಬುದು ಇದರಿಂದ ಸ್ಪಷ್ಟ.

ನಮ್ಮ ಸೀಮೆಯಲ್ಲಿ ಈ ಕಿವಿಯ ಪ್ರಶ್ನೆ ಇನ್ನೂ ತೊಡಕಾದುದು. ದೇವಸೂಗೂರಿನ ಸೇತುವೆಯ ಆಚೆ ಬದಿಗೆ ಎಚ್ಚರಿಕೆ ಕನ್ನಡದಲ್ಲಿ. ಈಚೆ ಬದಿಗೆ ತೆಲುಗಿನಲ್ಲಿ. ತೆಲುಗು ನಮಗೆ ಪರಕೀಯವಲ್ಲ. ಸಂತೆಯಲ್ಲಿಯೂ ಕಚೇರಿಯಲ್ಲಿಯೂ ನಾವು ಅದನ್ನೇ ಆಡಿ ಬದುಕುತ್ತೇವೆ. ಆದರೆ ಮನೆಯಲ್ಲಿ ಕನ್ನಡವನ್ನೇ ಆಡುವ, ಯಾವ ಲಿಪಿಯನ್ನೂ ಓದಲಾರದ ಮುದುಕಿಯೊಬ್ಬಳು ಶೇಂಗಾ ಹೊಲದಲ್ಲಿರುವಾಗ, ಮನೆಯಲ್ಲಿ ಬಿಟ್ಟುಬಂದ ಮೊಬೈಲಿನಲ್ಲಿ ಮೂಡಿದ ಕಿತ್ತಳೆ ಬಣ್ಣದ ಸೂಚನೆಯಿಂದ ಅವಳಿಗೇನು ಪ್ರಯೋಜನ? ಆಕೆಗೆ ಬೇಕಾದದ್ದು ಮಾತು. ಗುರುತಿನವರ ಬಾಯಿಂದ, ತನ್ನ ಮಾತಿನಲ್ಲಿ, ಹೊತ್ತು ಮೀರುವ ಮುಂಚೆ. ಅವ್ವಾ, ಕೆಲಸ ಬಿಟ್ಟು ಊರೊಳಗೆ ಬಾ, ಮರದ ಕೆಳಗೆ ನಿಲ್ಲಬೇಡ ಎಂದು ಕೂಗಿ ಹೇಳುವ ಒಬ್ಬ ಮೊಮ್ಮಗ ಇಂಥ ಹೊತ್ತಿನಲ್ಲಿ ಒಂದು ರೇಡಾರಿಗೆ ಸಮ.

ಆದುದರಿಂದ ನಮ್ಮ ಸಂಘದ ವಾಚಕರಲ್ಲಿ ಎರಡು ಬಿನ್ನಹ. ಒಂದು, ಎಚ್ಚರಿಕೆಯನ್ನು ಬಾಯಿಂದ ಬಾಯಿಗೆ ಸಾಗಿಸುವುದು. ಮೊಬೈಲಿನಲ್ಲಿ ಸೂಚನೆ ಕಂಡವರು ಅದನ್ನು ಗುಡಿಯ ಮೈಕಿನಲ್ಲಿಯೋ ಪಂಚಾಯತಿಯ ಡಂಗುರದಿಂದಲೋ ಎರಡೂ ಮಾತುಗಳಲ್ಲಿ ಸಾರಲಿ. ಮೊಬೈಲಿಲ್ಲದವರಿಗೆ ಎಣಿಕೆಯೇ ಸಾಕು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನೆಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರವೆಂಬುದು ತಿಳಿಯುತ್ತದೆ. ಎಣಿಕೆ 30ರ ಒಳಗಾದರೆ ಅದು 10 ಕಿಲೋಮೀಟರಿನೊಳಗಿದೆ; ಆಗಲೇ ಗಟ್ಟಿಯಾದ ಮನೆಯನ್ನು ಸೇರಬೇಕು. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಹೊರಗೆ ಹೊರಡಬಾರದು.

ಎರಡು, ಬರೆದಿಡುವುದು. ನಮ್ಮ ಮೂರು ಊರುಗಳಲ್ಲಿ ಶಾಲೆಯ ಮಕ್ಕಳಾಗಲಿ, ನಿವೃತ್ತರಾದ ಉಪಾಧ್ಯಾಯರಾಗಲಿ ಒಂದೊಂದು ನೋಟುಪುಸ್ತಕ ಇಡಲಿ. ಬೆಳಿಗ್ಗೆ ಎಂಟು ಗಂಟೆಗೆ ಆಕಾಶವನ್ನು ನೋಡಿ, ಹಿರಿಯರ ಗುರುತಿನಿಂದಾಗಲಿ ಇಲಾಖೆಯ ಸೂಚನೆಯಿಂದಾಗಲಿ, ಇಂದು ಗುಡುಗೀತೇ ಇಲ್ಲವೇ ಎಂದು ಬರೆಯಲಿ. ರಾತ್ರಿ, ಗುಡುಗಿದ್ದರೆ ಮೊದಲ ಗುಡುಗಿನ ಹೊತ್ತು, ಮೋಡ ಬಂದ ದಿಕ್ಕು, ಆಲಿಕಲ್ಲು ಬಿತ್ತೇ, ಕೊನೆಯ ಗುಡುಗು ಎಷ್ಟು ಹೊತ್ತಿಗೆ ಎಂಬುದನ್ನು ಬರೆಯಲಿ. ಗುಡುಗದಿದ್ದರೆ ಗುಡುಗಲಿಲ್ಲವೆಂದು ಬರೆಯಲಿ. ಮುಂದಿನ ಯುಗಾದಿಯಿಂದ ಮಿರಗದವರೆಗಿನ ಲೆಕ್ಕವನ್ನು ನಮಗೆ ಕಳುಹಿಸಿದರೆ, ಮೂರೂ ಊರುಗಳ ನಾಲ್ಕು ಮನೆಗಳನ್ನು ಒಂದೆಡೆ ಕೂಡಿಸಿ ಈ ಪತ್ರಿಕೆಯಲ್ಲಿಯೇ ಪ್ರಕಟಿಸುತ್ತೇವೆ. ತಪ್ಪಿದ ದಿನಗಳನ್ನು ಬಿಡದೆ ಕಳುಹಿಸಬೇಕೆಂದು ವಿಶೇಷವಾಗಿ ಕೋರುತ್ತೇವೆ.